ಲೈಪೋಸಕ್ಷನ್ ಅಂದ್ರೆ ತೂಕ ಇಳಿಸೋ ಶಾರ್ಟ್‌ಕಟ್ ಅಲ್ಲ: ಆಪರೇಷನ್‌ಗೆ ಮೊದಲು ಇಷ್ಟು ತಿಳ್ಕೊಳ್ಳಿ

'ಒಂದೇ ದಿನದಲ್ಲಿ ಹೊಟ್ಟೆ ಮಾಯ' ಅನ್ನೋ ಜಾಹೀರಾತು ನಿಮ್ಮ ಫೋನಲ್ಲೂ ಬಂದಿರಬಹುದು. ಇವತ್ತು ಅದರ ಬಗ್ಗೆನೇ ಮಾತಾಡೋಣ.

2022ರ ಮೇ 16 ನೆನಪಿದೆಯಾ? ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ವಯಸ್ಸು ಬರೀ 21. ಮನೆಯವರಿಗೆ ತಿಳಿಸದೆ ಹೋಗಿದ್ದರು ಎಂದು ಆಗ ವರದಿಯಾಗಿತ್ತು. ಎಲ್ಲರಿಗೂ ಹೀಗಾಗುತ್ತೆ ಅಂತಲ್ಲ. ಆದರೆ ಇದು ಬ್ಯೂಟಿ ಪಾರ್ಲರ್ ಕೆಲಸ ಅಲ್ಲ, ಆಪರೇಷನ್.

ಏನು ಮಾಡ್ತಾರೆ?

ಮೊದಲು ಸಲೈನ್ ಜೊತೆ ಮರಗಟ್ಟಿಸುವ ಔಷಧ ಮತ್ತು ರಕ್ತಸ್ರಾವ ತಗ್ಗಿಸುವ ಅಡ್ರಿನಲಿನ್ ಬೆರೆಸಿ ಚರ್ಮದ ಕೆಳಗೆ ತುಂಬ್ತಾರೆ. ಆಮೇಲೆ ಸಣ್ಣ ತೂತಿನ ಮೂಲಕ ತೆಳ್ಳನೆಯ ಕೊಳವೆ ತೂರಿಸಿ ಕೊಬ್ಬನ್ನು ಎಳೆದು ತೆಗೀತಾರೆ. ಒಂದೇ ಸಲಕ್ಕೆ 5 ಲೀಟರ್‌ಗಿಂತ ಹೆಚ್ಚು ತೆಗೆದರೆ ಅಪಾಯ ಏರುತ್ತೆ.

ಇದು ತೂಕ ಇಳಿಸೋ ಚಿಕಿತ್ಸೆ ಅಲ್ಲ. ಊಟ, ವ್ಯಾಯಾಮಕ್ಕೂ ಕರಗದೆ ಒಂದು ಕಡೆ ಉಳಿದ ಕೊಬ್ಬಿನ ಆಕಾರ ಸರಿ ಮಾಡೋದು, ಅಷ್ಟೇ. ಹೊಟ್ಟೆಯೊಳಗೆ ಕರುಳಿನ ಸುತ್ತ ಕೂತ ಕೊಬ್ಬು ಇದರಿಂದ ಹೋಗಲ್ಲ. ಶುಗರ್ ವಾಸಿಯಾಗಲ್ಲ. ಮತ್ತೆ ತೂಕ ಏರಿದರೆ ಕೊಬ್ಬೂ ಬರುತ್ತೆ.

ಆಮೇಲೆ ಹೇಗಿರುತ್ತೆ?

ನೋವು, ಊತ, ಚರ್ಮ ನೀಲಿಗಟ್ಟೋದು ಸಾಮಾನ್ಯ. ಒಂದೆರಡು ದಿನ ತೂತುಗಳಿಂದ ನೀರು ಒಸರಬಹುದು. ಬಿಗಿಯಾದ ಒತ್ತುಬಟ್ಟೆಯನ್ನು ಕೆಲವು ವಾರ ಹಾಕ್ಕೊಂಡೇ ಇರಬೇಕು. ಕನ್ನಡಿಯಲ್ಲಿ ನಿಜವಾದ ಆಕಾರ ಕಾಣೋಕೆ 3ರಿಂದ 6 ತಿಂಗಳು ಬೇಕು. ಒಂದೇ ದಿನದ ಮ್ಯಾಜಿಕ್ ಎಲ್ಲೂ ಇಲ್ಲ.

ಉಸಿರಾಟಕ್ಕೆ ಕಷ್ಟ, ಎದೆನೋವು, ಒಂದೇ ಕಾಲಿನಲ್ಲಿ ಊತ, ಜೋರು ಜ್ವರ, ಮಂಪರು ಬಂದರೆ ಕಾಯಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಕೊಬ್ಬಿನ ಕಣ ಶ್ವಾಸಕೋಶ ಸೇರಿರಬಹುದು, ಅಲ್ಲಿ ನೀರು ತುಂಬಿರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋಕೆ ಮೊದಲು

ನಮ್ಮ ಕಡೆಯವರು ಬಹುತೇಕ ಇದಕ್ಕೆ ಬೆಂಗಳೂರಿಗೇ ಹೋಗ್ತಾರೆ. ಬೆಳಗ್ಗೆ ಹೋಗಿ ಸಂಜೆ ಬಸ್ಸಲ್ಲಿ ಶಿಡ್ಲಘಟ್ಟಕ್ಕೆ ವಾಪಸ್ ಬರೋ ಪ್ಲಾನ್ ಬೇಡ. ಮೊದಲ ರಾತ್ರಿ ಆಸ್ಪತ್ರೆಯಲ್ಲಿ ಅಥವಾ ಅದರ ಹತ್ತಿರ, ಜೊತೆಗೊಬ್ಬರ ಸಂಗಡ ಇರಿ. ನಾಲ್ಕು ಪ್ರಶ್ನೆ ಕೇಳಿ:

- ಆಪರೇಷನ್ ಮಾಡೋರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಮಾಡಿದ್ದಾರಾ?
- ಅರಿವಳಿಕೆ ತಜ್ಞರು ಕೊನೇವರೆಗೂ ಇರ್ತಾರಾ?
- ಐಸಿಯು ಅಲ್ಲೇ ಇದೆಯಾ? ಇಲ್ಲದಿದ್ದರೆ ಎಲ್ಲಿಗೆ ಕರ್ಕೊಂಡು ಹೋಗ್ತಾರೆ?
- ಕೆಪಿಎಂಇ ಕಾಯ್ದೆಯಡಿ ನೋಂದಣಿ ಪತ್ರ ಇದೆಯಾ, ಅದರಲ್ಲಿ ಈ ಆಪರೇಷನ್‌ಗೆ ಅನುಮತಿ ಇದೆಯಾ?

ಉತ್ತರ ಕೊಡೋಕೆ ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಬರೀ ಅಂದಕ್ಕಾಗಿ ಮಾಡಿಸಿದರೆ ಸಾಮಾನ್ಯವಾಗಿ ಆರೋಗ್ಯ ವಿಮೆ ಸಿಗಲ್ಲ, ಅದೂ ಗೊತ್ತಿರಲಿ.

ಕೊನೇದಾಗಿ ಒಂದು ಮಾತು. ಅಮ್ಮನಿಗೋ, ಅಣ್ಣನಿಗೋ, ಗೆಳತಿಗೋ ಯಾರಿಗಾದ್ರೂ ಹೇಳಿಯೇ ಹೋಗಿ. ಬೈದರೆ ಬೈಲಿ. ರಾತ್ರಿ ಉಸಿರು ಕಟ್ಟಿದಾಗ ಪಕ್ಕದಲ್ಲಿ ವಿಷಯ ಗೊತ್ತಿರೋ ಒಬ್ಬರು ಇರಬೇಕು.