ಹೆದ್ದಾರಿ ಕಾಮಗಾರಿ: ಫಲಕಗಳು ಹೇಳುವುದೇನು, ಚಾಲಕರು ಅರಿಯಬೇಕಾದುದೇನು?

‘ಮುಂದೆ ಕಾಮಗಾರಿ ಪ್ರಗತಿಯಲ್ಲಿದೆ, ನಿಧಾನವಾಗಿ ಚಲಿಸಿ’. ರಾಜ್ಯದ ಹೆದ್ದಾರಿಗಳಲ್ಲಿ ಸಂಚರಿಸುವವರಿಗೆ ಇದು ಚಿರಪರಿಚಿತ ಫಲಕ. ಓದದವರಿಲ್ಲ, ಓದಿ ವೇಗ ತಗ್ಗಿಸುವವರು ಮಾತ್ರ ವಿರಳ.

ಗಂಟೆಗೆ 100 ಕಿ.ಮೀ. ವೇಗದ ಕಾರು ಪ್ರತಿ ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುತ್ತದೆ. ಅಡೆತಡೆಯನ್ನು ಗುರುತಿಸಿ, ಬ್ರೇಕ್ ಒತ್ತಿ, ವಾಹನ ಪೂರ್ಣ ನಿಲ್ಲಲು ಈ ವೇಗದಲ್ಲಿ 180 ಮೀಟರ್ ಬೇಕೆನ್ನುತ್ತದೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡ. ವೇಗ 50 ಕಿ.ಮೀ.ಗೆ ಇಳಿದರೆ 60 ಮೀಟರ್ ಸಾಕು. ಫಲಕವನ್ನು ಕಾಮಗಾರಿ ಸ್ಥಳಕ್ಕಿಂತ ಬಹು ಮುಂಚೆಯೇ ನೆಡುವುದು ಈ ಕಾರಣಕ್ಕಾಗಿ. ಅದು ಕಂಡ ಕೂಡಲೇ ವೇಗ ಇಳಿಸದೆ, ಗುಂಡಿ ಕಂಡಾಗ ನೋಡೋಣ ಎಂದುಕೊಳ್ಳುವ ಚಾಲಕನಿಗೆ ಆ ಅಂತರ ಉಳಿದಿರುವುದಿಲ್ಲ.

ಕಾಮಗಾರಿ ಸ್ಥಳದ ಸಂಚಾರ ನಿರ್ವಹಣೆಗೆಂದೇ ರಸ್ತೆ ಕಾಂಗ್ರೆಸ್ 2001ರಲ್ಲಿ ಮಾರ್ಗಸೂಚಿ ಪ್ರಕಟಿಸಿ, 2014ರಲ್ಲಿ ಪರಿಷ್ಕರಿಸಿದೆ. ಅದರಂತೆ ಇಡೀ ಪ್ರದೇಶವನ್ನು ಭಾಗಗಳಾಗಿ ವಿಂಗಡಿಸಲಾಗುತ್ತದೆ. ಮೊದಲು ಎಚ್ಚರಿಕೆಯ ವಲಯ, ಬಳಿಕ ಪಥ ಕಿರಿದಾಗುವ ವಲಯ, ನಂತರ ಕೆಲಸ ನಡೆಯುವ ವಲಯ, ಕೊನೆಗೆ ವಾಹನಗಳು ಮೂಲ ಪಥಕ್ಕೆ ಮರಳುವ ವಲಯ. ಕೆಲಸ ನಡೆಯುವಲ್ಲಿ ಯಂತ್ರಗಳು, ಕಾರ್ಮಿಕರು ಕಣ್ಣಿಗೆ ಬೀಳುವುದರಿಂದ ಚಾಲಕ ತಾನಾಗಿಯೇ ಜಾಗೃತನಾಗುತ್ತಾನೆ. ಎಡವುವುದು ಹೆಚ್ಚಾಗಿ ಪಥ ಕಿರಿದಾಗುವಲ್ಲಿ. ಕೋನ್‌ಗಳ ಸಾಲು ಓರೆಯಾಗಿ ಒಂದು ಪಥವನ್ನು ಮುಚ್ಚುತ್ತಾ ಬರುತ್ತಿರುವಾಗ, ಮುಂದಿನ ಲಾರಿಯನ್ನು ಹೇಗಾದರೂ ಹಿಂದಿಕ್ಕುವ ಆತುರ ಇಲ್ಲಿ ದುಬಾರಿಯಾಗುತ್ತದೆ.

ಇನ್ನೂ ಗಂಭೀರವಾದುದು ಎದುರುಬದುರು ಸಂಚಾರ. ಚತುಷ್ಪಥ ಹೆದ್ದಾರಿಯ ಒಂದು ಬದಿಯನ್ನು ಮುಚ್ಚಿ, ಎರಡೂ ದಿಕ್ಕಿನ ವಾಹನಗಳನ್ನು ಇನ್ನೊಂದೇ ಬದಿಯಲ್ಲಿ ಬಿಡುವ ವ್ಯವಸ್ಥೆಯಿದು. ನಡುವೆ ವಿಭಜಕ ಇರುವುದಿಲ್ಲ. ನೂರಾರು ಕಿ.ಮೀ. ಏಕಮುಖ ರಸ್ತೆಯಲ್ಲಿ ಬಂದ ಚಾಲಕನಿಗೆ ಬಲಗಡೆಯ ಪಥ ತನ್ನದೇ ಎಂಬ ಅಭ್ಯಾಸ ಬಿಟ್ಟಿರುವುದಿಲ್ಲ. ರಾತ್ರಿ ವೇಳೆಯಂತೂ ಹೇಳುವುದೇ ಬೇಡ.

ರಸ್ತೆಯ ಮೇಲ್ಮೈಗೂ ತನ್ನದೇ ಪರಿಭಾಷೆಯುಂಟು. ಹಳೆಯ ಡಾಂಬರನ್ನು ಯಂತ್ರದಿಂದ ಕೆರೆದು ತೆಗೆಯುವುದು ‘ಮಿಲ್ಲಿಂಗ್’. ಇದರಿಂದ ಉಳಿಯುವ ಉದ್ದುದ್ದ ಗೀರುಗಳ ಮೇಲೆ ದ್ವಿಚಕ್ರ ವಾಹನ ಓಲಾಡುತ್ತದೆ. ಹೊಸ ಪದರ ಹಾಕುವ ಮುನ್ನ ಸಿಂಪಡಿಸುವ ತೆಳು ಡಾಂಬರು ‘ಟ್ಯಾಕ್ ಕೋಟ್’. ನೋಡಲು ಹೊಸ ರಸ್ತೆಯಂತೆ ಕಪ್ಪಗೆ ಕಾಣುವ ಇದು, ಮೇಲಿನ ಪದರ ಬೀಳುವವರೆಗೆ ಜಾರುವ ನೆಲ. ‘ವೆಟ್ ಮಿಕ್ಸ್’ ಎಂದರೆ ಜಲ್ಲಿ ಹಾಗೂ ಪುಡಿಯನ್ನು ನೀರಿನೊಡನೆ ಬೆರೆಸಿ ಹಾಸಿದ, ಡಾಂಬರಿಲ್ಲದ ಪದರ. ಭಾರಿ ವಾಹನಗಳ ಚಕ್ರ ಉರುಳಿ ಉರುಳಿ ಬಿದ್ದ ಉದ್ದನೆಯ ತಗ್ಗಿಗೆ ‘ರಟ್ಟಿಂಗ್’ ಎನ್ನುತ್ತಾರೆ. ಮಳೆಯಲ್ಲಿ ಇಲ್ಲಿ ನಿಲ್ಲುವ ನೀರಿನ ಮೇಲೆ ವೇಗವಾಗಿ ಸಾಗಿದರೆ ಟೈರು ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಹೊಸ ಡಾಂಬರು ಎತ್ತರದಲ್ಲಿದ್ದು ಪಕ್ಕದ ಮಣ್ಣು ತಗ್ಗಿನಲ್ಲಿದ್ದರೆ, ಕೆಳಗಿಳಿದ ಚಕ್ರವನ್ನು ಒಮ್ಮೆಲೇ ಮೇಲೆಳೆಯಬಾರದು. ಹಾಗೆ ಮಾಡಿದರೆ ವಾಹನ ಎದುರಿನ ಪಥಕ್ಕೆ ನುಗ್ಗಬಹುದು. ವೇಗ ಇಳಿಸಿಕೊಂಡು ನಿಧಾನವಾಗಿ ಹತ್ತಿಸುವುದೇ ಕ್ಷೇಮ.

ಘಟ್ಟದ ರಸ್ತೆಗಳ ವಿಷಯದಲ್ಲಿ ಜಿಲ್ಲಾಧಿಕಾರಿಗಳ ಆದೇಶದ ಪದಗಳನ್ನೂ ಅರಿತಿರಬೇಕು. ಕಾಂಕ್ರೀಟೀಕರಣಕ್ಕಾಗಿ 2015 ಹಾಗೂ 2018ರಲ್ಲಿ ಶಿರಾಡಿ ಘಾಟಿಯ ಸಂಚಾರ ತಿಂಗಳುಗಟ್ಟಲೆ ಸ್ಥಗಿತಗೊಂಡಿತ್ತು. ಅದು ಪೂರ್ವನಿಗದಿತ ಬಂದ್. ಪರ್ಯಾಯ ಮಾರ್ಗ ಮೊದಲೇ ತಿಳಿದಿರುತ್ತದೆ. ಆದರೆ 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಶಿರಾಡಿ ಮತ್ತೆ ಮುಚ್ಚಿದಾಗ, ಮಡಿಕೇರಿ–ಸಂಪಾಜೆ ಮಾರ್ಗವೂ ಜೋಡುಪಾಲದ ಬಳಿ ಕುಸಿದಿತ್ತು. ಪರ್ಯಾಯ ಮಾರ್ಗ ಎಂಬುದು ಆ ದಿನದ ಮಾಹಿತಿಯೇ ಹೊರತು ಶಾಶ್ವತ ಭರವಸೆಯಲ್ಲ. ‘ಭಾರಿ ವಾಹನ ನಿಷೇಧ’ ಎಂದಾಗ ಕಾರುಗಳಿಗೆ ಅಡ್ಡಿಯಿಲ್ಲವೆಂದು ತಿಳಿಯಬಹುದು. ಮಿನಿ ಬಸ್, ಟೆಂಪೊಗಳವರು ಮಾತ್ರ ಆದೇಶದಲ್ಲಿನ ತೂಕದ ಮಿತಿ ನೋಡಿಕೊಂಡೇ ಹೊರಡಬೇಕು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಟ್ಟು ತೂಕ 7,500 ಕೆ.ಜಿ. ಮೀರದ್ದು ಲಘು ವಾಹನ, 12,000 ಕೆ.ಜಿ. ಮೀರಿದ್ದು ಭಾರಿ ಸರಕು ವಾಹನ.

‘ಗುಡ್ಡ ಕುಸಿಯುವ ಪ್ರದೇಶ’ ಎಂಬ ಫಲಕಕ್ಕೆ ನಿಧಾನ ಎಂಬುದಕ್ಕಿಂತ ‘ಇಲ್ಲಿ ನಿಲ್ಲಬೇಡಿ’ ಎಂಬ ಅರ್ಥವೇ ಹೆಚ್ಚು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿದಾಗ, ರಸ್ತೆ ಬದಿಯ ಚಹಾ ಅಂಗಡಿ ಮತ್ತು ಅಲ್ಲಿದ್ದ ವಾಹನಗಳು ಮಣ್ಣಿನೊಡನೆ ಗಂಗಾವಳಿ ನದಿ ಸೇರಿದವು.

ಹೊಣೆ ಚಾಲಕರದಷ್ಟೇ ಅಲ್ಲ. ಫಲಕವೇ ಇಲ್ಲದ, ರಾತ್ರಿ ಪ್ರತಿಫಲಕಗಳಿಲ್ಲದೆ ಬರೀ ಕಲ್ಲು, ಮರದ ಕೊಂಬೆ ಅಡ್ಡವಿಟ್ಟ ಕಾಮಗಾರಿಗಳಿಗೆ ರಾಜ್ಯದಲ್ಲಿ ಬರವಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ ಮೋಟಾರು ವಾಹನ ಕಾಯ್ದೆಯ ಕಲಂ 198ಎ ಪ್ರಕಾರ, ನಿಗದಿತ ಸುರಕ್ಷತಾ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಒಂದು ಜೀವಕ್ಕೆ ಇದು ಅಲ್ಪವೇ ಸರಿ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಇಂಥ ಲೋಪ ಕಂಡರೆ 1033 ಸಹಾಯವಾಣಿಗೆ ದೂರು ನೀಡಬಹುದು. ಕರೆ ಮಾಡುವಾಗ ಊರಿನ ಹೆಸರಿನ ಜೊತೆಗೆ, ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಹಾಗೂ ರಸ್ತೆಯ ಯಾವ ಬದಿ ಎಂಬುದನ್ನು ತಿಳಿಸಿದರೆ ಸಿಬ್ಬಂದಿಗೆ ಸ್ಥಳ ಹುಡುಕುವುದು ಸುಲಭ.