ಹಳೆಯ ಡೀಸೆಲ್ ಕಾರುಗಳಲ್ಲಿ ಟರ್ಬೋಚಾರ್ಜರ್ ದೋಷಪತ್ತೆ

ಟರ್ಬೋಚಾರ್ಜರ್ ಎಂಬುದು ಎಂಜಿನ್ನಿನಿಂದ ಹೊರಬೀಳುವ ನಿಷ್ಕಾಸ ಅನಿಲದ ಶಕ್ತಿಯಿಂದ ತಿರುಗಿ, ಎಂಜಿನ್ನಿನ ಒಳಕ್ಕೆ ಹೋಗುವ ಗಾಳಿಯನ್ನು ಒತ್ತಡದಿಂದ ತುಂಬುವ ಸಾಧನವಾಗಿದೆ. ಹಲವು ವರ್ಷ ಓಡಿದ ಡೀಸೆಲ್ ಕಾರಿನಲ್ಲಿ ಎಳೆತ ಕುಂದಿದಾಗ, ಹೊಗೆ ಹೆಚ್ಚಿದಾಗ ಅಥವಾ ಎಂಜಿನ್ನಿನಿಂದ ಹೊಸ ಸದ್ದು ಕೇಳಿಬಂದಾಗ ಮೊದಲು ಸಂದೇಹಕ್ಕೆ ಗುರಿಯಾಗುವ ಭಾಗ ಇದೇ. ಆದರೆ ಇಂತಹ ಲಕ್ಷಣಗಳಿಗೆ ಸೀಳಿದ ರಬ್ಬರ್ ಕೊಳವೆ, ಅಂಟಿಕೊಂಡ ಕವಾಟ ಅಥವಾ ಕಟ್ಟಿಕೊಂಡ ಫಿಲ್ಟರ್ ಕೂಡ ಕಾರಣವಾಗಬಹುದು. ಹೊಸ ಟರ್ಬೋದ ಬೆಲೆ ಹಳೆಯ ಕಾರಿನ ಮಾರಾಟ ಬೆಲೆಯ ಗಣನೀಯ ಭಾಗವಾಗಬಹುದಾದ್ದರಿಂದ, ಬಿಚ್ಚುವ ಮೊದಲು ಕಾರಣವನ್ನು ಕ್ರಮವಾಗಿ ಹುಡುಕುವುದು ಅಗತ್ಯ.

ಹಿನ್ನೆಲೆ

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯುಖಿ 1905ರಲ್ಲಿ ಈ ತತ್ತ್ವಕ್ಕೆ ಪೇಟೆಂಟ್ ಪಡೆದನು. ಹಡಗು ಮತ್ತು ಲಾರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೋ ಡೀಸೆಲ್ ಎಂಜಿನ್, 1978ರಲ್ಲಿ ಮರ್ಸಿಡಿಸ್-ಬೆಂಜ್ 300 ಎಸ್‌ಡಿ ಮೂಲಕ ಪ್ರಯಾಣಿಕ ಕಾರಿಗೆ ಬಂದಿತು. ಭಾರತದಲ್ಲಿ 2007ರ ಮಾರುತಿ ಸ್ವಿಫ್ಟ್ ಡೀಸೆಲ್ ಈ ತಂತ್ರಜ್ಞಾನವನ್ನು ಮಧ್ಯಮ ವರ್ಗದ ಮನೆಗಳಿಗೆ ತಲುಪಿಸಿದ ವಾಹನಗಳಲ್ಲಿ ಒಂದು. ಅದರಲ್ಲಿದ್ದ ಫಿಯಟ್ ಮೂಲದ 1248 ಸಿಸಿ ಎಂಜಿನ್ ಟಾಟಾ ಇಂಡಿಕಾ ವಿಸ್ಟಾ, ಫಿಯಟ್ ಪುಂಟೋ ಮುಂತಾದ ಕಾರುಗಳಲ್ಲಿಯೂ ಇತ್ತು. 75 ಅಶ್ವಶಕ್ತಿಯ ಆವೃತ್ತಿಯಲ್ಲಿ ಸ್ಥಿರ ರಚನೆಯ ಟರ್ಬೋ, 90 ಅಶ್ವಶಕ್ತಿಯದರಲ್ಲಿ ಬದಲಾಗುವ ರಚನೆಯ ಟರ್ಬೋ ಇದ್ದವು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂದಾಗ ಮಾರುತಿ ಸಂಸ್ಥೆ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಹೀಗಾಗಿ ಇಂದು ರಸ್ತೆಯಲ್ಲಿರುವ ಈ ಬಗೆಯ ಮಾರುತಿ ಕಾರುಗಳೆಲ್ಲವೂ ಅದಕ್ಕೂ ಹಿಂದಿನವು.

ಕಾರ್ಯವಿಧಾನ

ಒಂದೇ ದಂಡದ ಒಂದು ತುದಿಯಲ್ಲಿ ಟರ್ಬೈನ್ ಚಕ್ರ, ಇನ್ನೊಂದು ತುದಿಯಲ್ಲಿ ಕಂಪ್ರೆಸರ್ ಚಕ್ರ ಇರುತ್ತವೆ. ಸಣ್ಣ ಕಾರಿನ ಟರ್ಬೋ ಪೂರ್ಣ ಭಾರದಲ್ಲಿ ನಿಮಿಷಕ್ಕೆ 2,00,000 ಸುತ್ತುಗಳಷ್ಟು ವೇಗ ತಲುಪಬಲ್ಲದು. ಈ ವೇಗದಲ್ಲಿ ದಂಡವು ಲೋಹಕ್ಕೆ ತಾಗದೆ, ಬೇರಿಂಗ್‌ನೊಳಗಿನ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಎಂಜಿನ್ ಆಯಿಲ್ ತೆಳುವಾದ ಕೊಳವೆಯ ಮೂಲಕ ಒತ್ತಡದಲ್ಲಿ ಬಂದು, ಅಗಲವಾದ ಇನ್ನೊಂದು ಕೊಳವೆಯ ಮೂಲಕ ತನ್ನ ಭಾರದಿಂದಲೇ ಸಂಪ್‌ಗೆ ಇಳಿಯುತ್ತದೆ. ಟರ್ಬೋದ ಬಹುಪಾಲು ಕಾಯಿಲೆಗಳ ಮೂಲ ಈ ಎರಡು ಕೊಳವೆಗಳಲ್ಲಿ ಅಥವಾ ಅವುಗಳಲ್ಲಿ ಹರಿಯುವ ಆಯಿಲ್‌ನಲ್ಲಿ ಇರುತ್ತದೆ ಎಂಬುದನ್ನು ನೆನಪಿಡಬೇಕು.

ಒತ್ತಡವನ್ನು ಮಿತಿಯಲ್ಲಿಡಲು ಎರಡು ಮುಖ್ಯ ವಿಧಾನಗಳಿವೆ. ಸ್ಥಿರ ರಚನೆಯ ಟರ್ಬೋದಲ್ಲಿ ವೇಸ್ಟ್‌ಗೇಟ್ ಎಂಬ ಬಾಗಿಲು ತೆರೆದು ಹೆಚ್ಚುವರಿ ಅನಿಲವನ್ನು ಟರ್ಬೈನಿನ ಪಕ್ಕದಿಂದ ಹೊರಬಿಡುತ್ತದೆ. ಬದಲಾಗುವ ರಚನೆಯದರಲ್ಲಿ ಟರ್ಬೈನಿನ ಸುತ್ತಲಿನ ಸಣ್ಣ ರೆಕ್ಕೆಗಳು ಒಟ್ಟಾಗಿ ತಿರುಗಿ ಅನಿಲದ ದಾರಿಯನ್ನು ಕಿರಿದುಗೊಳಿಸುತ್ತವೆ ಅಥವಾ ಅಗಲಗೊಳಿಸುತ್ತವೆ.

ಲಕ್ಷಣಗಳು ಮತ್ತು ಹೋಲುವ ದೋಷಗಳು

ಹೊಗೆಯ ಬಣ್ಣ ಮೊದಲ ಸುಳಿವು. ಕಪ್ಪು ಹೊಗೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ದೊರೆಯುತ್ತಿಲ್ಲವೆಂದೂ, ನೀಲಿ ಹೊಗೆ ಆಯಿಲ್ ಉರಿಯುತ್ತಿದೆಯೆಂದೂ ಹೇಳುತ್ತದೆ. ಬಿಳಿ ಹೊಗೆ ಸಾಮಾನ್ಯವಾಗಿ ಉರಿಯದೆ ಉಳಿದ ಡೀಸೆಲ್‌ನದು ಅಥವಾ ಕೂಲಂಟ್ ಸೋರಿಕೆಯದು. ಎಳೆತ ಕಡಿಮೆಯಾಗಿ ಹೊಗೆಯೂ ಇಲ್ಲದಿದ್ದರೆ ಡೀಸೆಲ್ ಫಿಲ್ಟರ್ ಕಟ್ಟಿರುವ ಸಾಧ್ಯತೆಯನ್ನು ಮೊದಲು ನೋಡುವುದು ಲೇಸು. ಆದರೆ ಈ ನಿಯಮ ಯಾಂತ್ರಿಕ ಪಂಪ್ ಇರುವ ಹಳೆಯ ಎಂಜಿನ್‌ಗಳಿಗೆ ಒಪ್ಪುವಷ್ಟು ಕಾಮನ್ ರೈಲ್ ಎಂಜಿನ್‌ಗಳಿಗೆ ಒಪ್ಪುವುದಿಲ್ಲ. ಎರಡನೆಯವುಗಳಲ್ಲಿ ನಿಯಂತ್ರಣ ಕಂಪ್ಯೂಟರ್ ಗಾಳಿ ಕಡಿಮೆಯಾದುದನ್ನು ಅರಿತು ಡೀಸೆಲನ್ನೂ ಕಡಿತಗೊಳಿಸುವುದರಿಂದ, ಟರ್ಬೋ ಕೆಟ್ಟಿದ್ದರೂ ಹೊಗೆ ಕಾಣದಿರಬಹುದು.

ನಿಷ್ಕಾಸ ಅನಿಲವನ್ನು ಮರಳಿ ಒಳಕ್ಕೆ ಬಿಡುವ ಇಜಿಆರ್ ಕವಾಟ ಮಸಿ ಕಟ್ಟಿ ತೆರೆದೇ ಉಳಿದರೆ ಟರ್ಬೋ ದೋಷವನ್ನೇ ಹೋಲುವ ಕಪ್ಪು ಹೊಗೆ ಮತ್ತು ಮಂದಗತಿ ಉಂಟಾಗುತ್ತವೆ. ಗಾಳಿಯ ಪ್ರಮಾಣ ಅಳೆಯುವ ಸಂವೇದಕ ಕೆಟ್ಟರೂ, ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೂ ಹೀಗೆಯೇ. ಎಂಜಿನ್ನಿನ ಸುತ್ತು ಏರುತ್ತಿದ್ದು ವೇಗ ಮಾತ್ರ ಏರದಿದ್ದರೆ ದೋಷ ಕ್ಲಚ್‌ನಲ್ಲಿದೆ.

ಘಾಟಿ ಏರುವಾಗ ಅಥವಾ ಹೆದ್ದಾರಿಯಲ್ಲಿ ಮುಂದಿನ ವಾಹನವನ್ನು ದಾಟುವಾಗ ಎಳೆತ ಒಮ್ಮೆಲೇ ನಿಂತು, ಬೀಗದ ಕೈ ತಿರುಗಿಸಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದ ಕೂಡಲೇ ಸರಿಹೋಗುವುದು ವಿಶಿಷ್ಟ ಲಕ್ಷಣ. ಒತ್ತಡ ನಿಗದಿತ ಮಿತಿ ಮೀರಿದುದನ್ನು ಅಥವಾ ಮುಟ್ಟದಿದ್ದುದನ್ನು ಕಂಡ ಕಂಪ್ಯೂಟರ್ ಎಂಜಿನ್ನಿನ ರಕ್ಷಣೆಗಾಗಿ ಶಕ್ತಿಯನ್ನು ತಗ್ಗಿಸಿರುತ್ತದೆ. ಬದಲಾಗುವ ರಚನೆಯ ಟರ್ಬೋಗಳಲ್ಲಿ ಇದಕ್ಕೆ ರೆಕ್ಕೆಗಳು ಮಸಿಯಿಂದ ಅಂಟಿಕೊಂಡಿರುವುದೇ ಆಗಾಗ ಕಾರಣ. ನಗರದ ನಿಧಾನ ಸಂಚಾರದಲ್ಲಿಯೇ ಓಡುವ ಕಾರುಗಳಿಗೆ ಈ ತೊಂದರೆ ಹೆಚ್ಚು.

ಕೊಳವೆಗಳ ಸೋರಿಕೆ

ವೇಗ ಹೆಚ್ಚಿಸುವಾಗ ಮಾತ್ರ ಕೇಳಿಸುವ ಬುಸುಗುಡುವ ಸದ್ದು ಒತ್ತಡದ ಗಾಳಿ ಸೋರುತ್ತಿರುವುದನ್ನು ತೋರಿಸುತ್ತದೆ. ಟರ್ಬೋದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಕೊಳವೆಗಳು ಆಯಿಲ್ ಮತ್ತು ಶಾಖದಿಂದ ಮೃದುವಾಗಿ, ಕ್ಲಿಪ್ ಬಿಗಿದ ಜಾಗದಲ್ಲಿ ಅಥವಾ ಬಾಗಿನ ಕೆಳಭಾಗದಲ್ಲಿ ಸೀಳುತ್ತವೆ. ನಿಂತ ಕಾರಿನಲ್ಲಿ ಈ ಸೀಳು ಮುಚ್ಚಿಕೊಂಡಿರುವುದರಿಂದ ಕಣ್ಣಿಗೆ ಬೀಳದು. ಹೊರಮೈಯಲ್ಲಿ ಆಯಿಲ್ ಹರಡಿ ಧೂಳು ಕಟ್ಟಿದ ಜಾಗವೇ ಗುರುತು. ಕೊಳವೆಯ ಬಾಯಿ ಮುಚ್ಚಿ ಕಡಿಮೆ ಒತ್ತಡದ ಗಾಳಿ ತುಂಬಿ, ಹೊರಗಿನಿಂದ ಸೋಪಿನ ನೀರು ಹಚ್ಚಿದರೆ ಗುಳ್ಳೆಗಳು ಸೋರಿಕೆಯನ್ನು ತೋರಿಸುತ್ತವೆ.

ಕೊಳವೆಗಳ ಒಳಗೆ ತೆಳುವಾದ ಆಯಿಲ್ ಲೇಪ ಇರುವುದು ಸಹಜ. ಕ್ರ್ಯಾಂಕ್‌ಕೇಸಿನ ಆವಿ ಅದೇ ದಾರಿಯಲ್ಲಿ ಎಂಜಿನ್ನಿಗೆ ಮರಳುತ್ತದೆ. ಇದನ್ನೇ ತೋರಿಸಿ ಟರ್ಬೋ ಹೋಗಿದೆ ಎನ್ನುವುದು ಸರಿಯಲ್ಲ. ಇಂಟರ್‌ಕೂಲರ್‌ನಲ್ಲಿ ಆಯಿಲ್ ತುಂಬಿ ನಿಂತಿದ್ದರೆ ಮಾತ್ರ ಪ್ರಶ್ನೆ ಬೇರೆ.

ಆಕ್ಚುವೇಟರ್ ಮತ್ತು ಸ್ಕ್ಯಾನರ್ ಪರೀಕ್ಷೆ

ಆಕ್ಚುವೇಟರಿನ ಕಡ್ಡಿಯನ್ನು ಕೈ ಪಂಪಿನ ಸಹಾಯದಿಂದ ಪರೀಕ್ಷಿಸಬಹುದು. ಅದು ತಡೆಯಿಲ್ಲದೆ ಚಲಿಸಬೇಕು, ಪಂಪ್ ನಿಲ್ಲಿಸಿದಾಗ ಅದೇ ಸ್ಥಾನದಲ್ಲಿ ಉಳಿಯಬೇಕು. ಮೆಲ್ಲನೆ ಹಿಂದಕ್ಕೆ ಜಾರಿದರೆ ಒಳಗಿನ ಪದರ ಹರಿದಿದೆ. ನಿರ್ವಾತದಿಂದ ನಡೆಯುವ ಬದಲಾಗುವ ರಚನೆಯ ಟರ್ಬೋಗಳಲ್ಲಿ ನಿರ್ವಾತದ ಸಣ್ಣ ಕೊಳವೆ ಬಿರುಕುಬಿಟ್ಟರೆ ರೆಕ್ಕೆಗಳು ತೆರೆದೇ ಉಳಿದು ಒತ್ತಡ ಏರುವುದಿಲ್ಲ. ಗಾಳಿಯ ಒತ್ತಡದಿಂದ ತೆರೆಯುವ ವೇಸ್ಟ್‌ಗೇಟಿನ ಕೊಳವೆ ಕಳಚಿದರೆ ಬಾಗಿಲು ತೆರೆಯದೆ ಒತ್ತಡ ಮಿತಿ ಮೀರುತ್ತದೆ. ಒಂದೇ ಬಗೆಯ ಬಿರುಕಿನಿಂದ ಹೀಗೆ ಎರಡು ವಿರುದ್ಧ ಫಲಗಳು ಬರುವುದರಿಂದ, ಕಾರಿನಲ್ಲಿ ಯಾವ ವ್ಯವಸ್ಥೆ ಇದೆಯೆಂದು ತಿಳಿಯದೆ ತೀರ್ಮಾನಕ್ಕೆ ಬರಲಾಗದು.

ಸ್ಕ್ಯಾನರ್ ಜೋಡಿಸಿದಾಗ ಪಿ0299 ಎಂಬ ಸಂಕೇತ ಒತ್ತಡದ ಕೊರತೆಯನ್ನೂ, ಪಿ0234 ಒತ್ತಡದ ಅತಿರೇಕವನ್ನೂ ಸೂಚಿಸುತ್ತವೆ. ಇವು ಲಕ್ಷಣವನ್ನು ಹೇಳುತ್ತವೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಓಡುವ ಕಾರಿನಲ್ಲಿ ಕಂಪ್ಯೂಟರ್ ಕೇಳಿದ ಒತ್ತಡವನ್ನೂ ನಿಜವಾಗಿ ದೊರೆತ ಒತ್ತಡವನ್ನೂ ಹೋಲಿಸುವುದು ಸಂಕೇತಕ್ಕಿಂತ ಹೆಚ್ಚು ಉಪಯುಕ್ತ. ಅದಕ್ಕೂ ಮೊದಲು ಸಂವೇದಕವನ್ನೇ ಪರೀಕ್ಷಿಸಬೇಕು: ಎಂಜಿನ್ ಚಾಲೂ ಮಾಡದೆ ಬೀಗದ ಕೈ ಮಾತ್ರ ತಿರುಗಿಸಿದಾಗ ಅದು ಸುತ್ತಲಿನ ವಾಯುಭಾರವನ್ನು ತೋರಿಸಬೇಕು. ಮಂಗಳೂರಿನಲ್ಲಿ ಇದು ಸುಮಾರು 101 ಕಿಲೋಪಾಸ್ಕಲ್ ಇದ್ದರೆ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91 ಇರುತ್ತದೆ. ಬೆಂಗಳೂರಿನ 91ನ್ನು ದೋಷವೆಂದು ಓದಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ದಂಡ ಮತ್ತು ಬೇರಿಂಗ್

ತಣ್ಣಗಾದ ಎಂಜಿನ್ನಿನಲ್ಲಿ ಗಾಳಿಯ ಕೊಳವೆ ಕಳಚಿ ಕಂಪ್ರೆಸರ್ ಚಕ್ರವನ್ನು ಬೆರಳಿನಿಂದ ಅಲುಗಿಸಿ ನೋಡಲಾಗುತ್ತದೆ. ಪಕ್ಕಕ್ಕೆ ಸ್ವಲ್ಪ ಅಲುಗಾಟ ಇದ್ದೇ ಇರುತ್ತದೆ. ಎಂಜಿನ್ ನಿಂತಾಗ ಬೇರಿಂಗಿನ ಆಯಿಲ್ ಪದರದಲ್ಲಿ ಒತ್ತಡವಿಲ್ಲದಿರುವುದೇ ಇದಕ್ಕೆ ಕಾರಣ. ಹಿಂದಕ್ಕೂ ಮುಂದಕ್ಕೂ ಎಳೆದಾಗ ಕೈಗೆ ಸ್ಪಷ್ಟವಾಗಿ ತಿಳಿಯುವ ಚಲನೆ ಇರಬಾರದು. ಚಕ್ರದ ಅಂಚು ಕವಚಕ್ಕೆ ಉಜ್ಜಿದ ಗೆರೆಗಳಿದ್ದರೆ, ಅಥವಾ ರೆಕ್ಕೆಗಳ ಅಂಚು ಮುರಿದಿದ್ದರೆ ಟರ್ಬೋ ಖಂಡಿತವಾಗಿ ಹಾಳಾಗಿದೆ. ಪೊಲೀಸ್ ವಾಹನದ ಸೈರನ್ನಿನಂತೆ ಏರುವ ಊಳಿಡುವ ಸದ್ದು ಇದೇ ಹಂತದ ಮುನ್ಸೂಚನೆ.

ನೀಲಿ ಹೊಗೆ ಕಂಡರೂ ಟರ್ಬೋದ ಸೀಲುಗಳೇ ಹೋಗಿವೆ ಎನ್ನಲಾಗದು. ಈ ಸೀಲುಗಳು ಪಿಸ್ಟನ್ ರಿಂಗಿನಂತಹ ಸಣ್ಣ ಬಳೆಗಳು. ಆಯಿಲನ್ನು ಅವು ಗಾಳಿಯ ಒತ್ತಡದ ನೆರವಿನಿಂದ ತಡೆಯುತ್ತವೆ. ಸಂಪ್‌ಗೆ ಇಳಿಯುವ ಕೊಳವೆ ಕಟ್ಟಿದ್ದರೆ, ಎಂಜಿನ್ ಸವೆದು ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಹೆಚ್ಚಿದ್ದರೆ, ಅಥವಾ ಏರ್ ಫಿಲ್ಟರ್ ಪೂರ್ತಿ ಮುಚ್ಚಿದ್ದರೆ ಆರೋಗ್ಯವಾಗಿರುವ ಟರ್ಬೋ ಕೂಡ ಆಯಿಲ್ ಕಾರುತ್ತದೆ.

ಹತೋಟಿ ತಪ್ಪಿದ ಎಂಜಿನ್

ಟರ್ಬೋ ದೋಷಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಇದು. ಬೇರಿಂಗ್ ಕುಸಿದು ಆಯಿಲ್ ಧಾರಾಳವಾಗಿ ಗಾಳಿಯ ದಾರಿಗೆ ಸೇರಿದಾಗ ಡೀಸೆಲ್ ಎಂಜಿನ್ ಅದನ್ನೇ ಇಂಧನವಾಗಿ ಉರಿಸಿಕೊಂಡು ಓಡತೊಡಗುತ್ತದೆ. ಕಿಡಿಯ ಅಗತ್ಯವಿಲ್ಲದ ಎಂಜಿನ್ ಆದ್ದರಿಂದ ಬೀಗದ ಕೈ ತೆಗೆದರೂ ನಿಲ್ಲುವುದಿಲ್ಲ. ಸುತ್ತು ಏರುತ್ತಾ ಹೋಗಿ ದಟ್ಟ ಹೊಗೆಯ ನಡುವೆ ಎಂಜಿನ್ ಒಡೆಯಬಹುದು. ಕೈ ಗೇರಿನ ಕಾರಾದರೆ ಬ್ರೇಕ್ ಪೂರ್ತಿ ಒತ್ತಿ, ಅತಿ ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಬಲವಂತವಾಗಿ ನಿಲ್ಲಿಸುವುದೇ ಚಾಲಕನಿಗಿರುವ ಮುಖ್ಯ ಉಪಾಯ. ಅದು ಸಾಧ್ಯವಾಗದಿದ್ದರೆ ಎಲ್ಲರೂ ಕಾರಿನಿಂದ ದೂರ ಸರಿಯಬೇಕು. ಗಾಳಿಯ ಬಾಯಿಗೆ ಕೈ ಅಥವಾ ಬಟ್ಟೆ ಒಡ್ಡುವುದು ಅಪಾಯಕರ. ನೀಲಿ ಹೊಗೆಯೊಂದಿಗೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಬೇಗ ಇಳಿಯುತ್ತಿರುವ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವುದಕ್ಕಿಂತ ಎಳೆಸಿಕೊಂಡು ಹೋಗುವುದು ಸುರಕ್ಷಿತ.

ಬದಲಿಸುವಾಗ ಗಮನಿಸಬೇಕಾದ ಅಂಶಗಳು

ಹೊಸ ಟರ್ಬೋ ಹಾಕಿದ ಕೆಲವೇ ದಿನಗಳಲ್ಲಿ ಅದೂ ಕೆಟ್ಟರೆ ತಯಾರಿಕೆಯ ದೋಷಕ್ಕಿಂತ ಮೊದಲು ಹಳೆಯದನ್ನು ಕೊಂದ ಕಾರಣ ಹಾಗೆಯೇ ಉಳಿದಿದೆಯೇ ಎಂದು ನೋಡಬೇಕು. ಆಯಿಲ್ ಬದಲಾವಣೆ ತಡವಾದ ಎಂಜಿನ್‌ಗಳಲ್ಲಿ ಒಳಬರುವ ತೆಳು ಕೊಳವೆ ಸುಟ್ಟ ಆಯಿಲಿನ ಕರಿಯಿಂದ ಕಿರಿದಾಗಿರುತ್ತದೆ. ಅದನ್ನು ತೊಳೆಯುವುದಕ್ಕಿಂತ ಹೊಸದನ್ನು ಹಾಕುವುದೇ ಉತ್ತಮ. ಸಂಪ್‌ನ ಜರಡಿ ಪರಿಶೀಲಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಇಂಟರ್‌ಕೂಲರಿನಲ್ಲಿ ಉಳಿದ ಆಯಿಲ್ ಹಾಗೂ ಲೋಹದ ಚೂರುಗಳನ್ನು ಪೂರ್ತಿ ತೆಗೆಯಬೇಕು. ಜೋಡಿಸುವಾಗ ಟರ್ಬೋದ ಆಯಿಲ್ ರಂಧ್ರಕ್ಕೆ ಶುದ್ಧ ಆಯಿಲ್ ತುಂಬಿ ದಂಡವನ್ನು ಕೈಯಿಂದ ತಿರುಗಿಸಲಾಗುತ್ತದೆ. ಮೊದಲ ಬಾರಿ ಚಾಲೂ ಮಾಡಿದ ಮೇಲೆ ಕೆಲವು ನಿಮಿಷ ಆಕ್ಸಿಲರೇಟರ್ ಒತ್ತದೆ ಎಂಜಿನ್ನನ್ನು ನಿಧಾನಗತಿಯಲ್ಲಿಯೇ ಬಿಡಬೇಕು.