ಕೇಳುವ ಚೀಟಿ, ಹೇಳುವ ಚೀಟಿ

ಬ್ಯಾಂಕಿನಲ್ಲಿ ಹಣ ಕಟ್ಟಲು ಹೋದವರು ಸ್ಲಿಪ್ ತುಂಬಿ ಕೊಡುತ್ತಾರೆ. ಕ್ಯಾಶಿಯರು ಮೊಹರು ಒತ್ತಿ ಕೌಂಟರ್‌ಫಾಯಿಲ್ ಹರಿದು ಕೊಡುತ್ತಾರೆ. ಕಂಪ್ಯೂಟರುಗಳ ವ್ಯವಹಾರವೂ ಹೀಗೇನೇ. ವೆಬ್ ಸರ್ವಿಸ್ ಎಂಬುದು ಕೌಂಟರು. ಒಳಹೋಗುವ ಚೀಟಿ ರಿಕ್ವೆಸ್ಟ್, ಹೊರಬರುವುದು ರೆಸ್ಪಾನ್ಸ್. ಯಾವ ಚೀಟಿಯಲ್ಲಿ ಯಾವ ಖಾನೆ, ಅದರಲ್ಲಿ ಅಕ್ಷರವೋ ಅಂಕಿಯೋ, ಯಾವುದನ್ನು ಖಾಲಿ ಬಿಟ್ಟರೆ ನಡೆದೀತು ಎಂಬುದನ್ನು ಮೊದಲೇ ಗೊತ್ತುಮಾಡಿಡಬೇಕು. ಹಾಗೆ ಗೊತ್ತುಮಾಡಿದ ನಮೂನೆಗೆ ಪ್ರೋಗ್ರಾಮಿನವರು ಡೇಟಾ ಆಬ್ಜೆಕ್ಟ್ ಅಂತಾರೆ. ನಮ್ಮಂಥ ಕಾಮರ್ಸಿನವರು ವೋಚರು ಅಂದುಕೊಂಡರೆ ಸಾಕು.

ಎರಡಕ್ಕೂ ಒಂದೇ ನಮೂನೆ ಸಾಲದೇ? ಸಾಲದು. ಬಾಕಿ ಎಷ್ಟೆಂದು ಹೇಳಬೇಕಾದ್ದು ಬ್ಯಾಂಕು; ಆ ಖಾನೆ ರಿಕ್ವೆಸ್ಟಿನಲ್ಲೂ ಇದ್ದರೆ ಯಾರಾದರೂ ಪುಣ್ಯಾತ್ಮ ತಾನೇ ತುಂಬಿಬಿಟ್ಟಾನು! ಹಾಗೆಯೇ ಪಾಸ್‌ವರ್ಡ್ ಒಳಹೋಗಬಹುದು, ಹೊರಬರಕೂಡದು.

ಖಾತೆ ನಂಬರನ್ನು ಅಂಕಿಯಾಗಿ ಇಡಬಾರದು. ಅದನ್ನೇನು ನಾವು ಕೂಡಿಸಿ ಕಳೆಯುತ್ತೇವೆಯೇ? ಅಂಕಿಯಾಗಿಟ್ಟರೆ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ. ಮೊತ್ತವನ್ನು ಪೈಸೆಯಲ್ಲಿಡುವುದು ಮೇಲು: 250 ರೂಪಾಯಿ 50 ಪೈಸೆ ಎಂದರೆ 25050. ದಶಾಂಶದಲ್ಲಿ ಇಟ್ಟರೆ 0.1ಕ್ಕೆ 0.2 ಕೂಡಿಸಿದಾಗ ಎಷ್ಟೋ ಪ್ರೋಗ್ರಾಮುಗಳು 0.30000000000000004 ಅನ್ನುತ್ತವೆ, ಟ್ಯಾಲಿ ಆಗುವುದೆಲ್ಲಿಂದ ಬಂತು?

ನನಗೆ ಹೆಚ್ಚು ಕಾಡುವುದು ಹೆಸರಿನ ಖಾನೆ. 'ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಕಡ್ಡಾಯ' ಎಂದು ಯಾರೋ ಬರೆದಿಡುತ್ತಾರೆ. ಧಾರವಾಡ, ವಿಜಯಪುರದ ಕಡೆಯವರಿಗೆ ಸಾಮಾನ್ಯವಾಗಿ ಅಡ್ಡಹೆಸರುಂಟು, ಪಾರಾಗುತ್ತಾರೆ. ಹಳೇ ಮೈಸೂರಿನ ಎಸ್. ಮಂಜುನಾಥ ಏನು ಮಾಡಬೇಕು? ಬರೀ 'ಎಸ್' ಹಾಕಿದರೆ ಒಂದಕ್ಷರ ಸಾಲದು, ಚುಕ್ಕೆ ಹಾಕಿದರೆ ಚಿಹ್ನೆ ಕೂಡದು. ಕೊನೆಗೆ ಅಪ್ಪನ ಹೆಸರು ತುರುಕುತ್ತಾನೆ. ಆಮೇಲೆ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು; ತಾಳೆ ಆಗದೆ ಸ್ಕಾಲರ್‌ಶಿಪ್ ನಿಲ್ಲುತ್ತದೆ. 'ಪೂರ್ಣ ಹೆಸರು' ಎಂಬ ಒಂದೇ ಖಾನೆ ಇಟ್ಟಿದ್ದರೆ ಇಷ್ಟು ರಾಮಾಯಣ ಇರುತ್ತಿರಲಿಲ್ಲ.

ಖಾನೆಯ ಉದ್ದವನ್ನೂ ಇಂಗ್ಲಿಷಿನ ಅಳತೆಗೋಲಿನಲ್ಲಿ ಅಳೆಯಬಾರದು. ಯುಟಿಎಫ್-8 ಎಂಬ ಬರಹಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಜಾಗ. ಕನ್ನಡದಲ್ಲಿ ಅಕ್ಷರ, ಕೊಂಬು, ಸೊನ್ನೆ ಪ್ರತಿಯೊಂದಕ್ಕೂ ಮೂರು ಮೂರು. 'ಮಂಜುನಾಥ' ಎಂದರೆ ಏಳು ಸಂಕೇತ, 21 ಬೈಟ್. 20 ಬೈಟಿನ ಖಾನೆಯಲ್ಲಿ ಪಾಪ, 'ಥ'ಕ್ಕೆ ಜಾಗವಿಲ್ಲ.

ಇನ್ನು ತಪ್ಪಾದಾಗಿನ ಉತ್ತರ. ಕಳಿಸಿದ ಚೀಟಿಯ ದೋಷಕ್ಕೆ 400, ಸರ್ವರಿನ ದೋಷಕ್ಕೆ 500 ಎಂಬ ಸಂಕೇತಗಳಿವೆ. ಅಷ್ಟೇ ಕಳಿಸಿ ಕೈತೊಳೆದುಕೊಂಡರೆ ಆಗಲಿಲ್ಲ. ಯಾವ ಖಾನೆ, ಅದರಲ್ಲೇನು ಕೊರತೆ ಎಂದು ಬರೆಯಲು ರೆಸ್ಪಾನ್ಸಿನಲ್ಲಿ ಜಾಗ ಇಡಬೇಕು. ಕೌಂಟರಿನಲ್ಲಾದರೆ 'ಸ್ವಾಮಿ, ಎಲ್ಲಿ ತಪ್ಪಿದೆ?' ಎಂದು ಕೇಳಬಹುದು. ಇಲ್ಲಿ ಕೇಳೋಣವೆಂದರೆ ಎದುರಿಗೆ ಯಾರಿದ್ದಾರೆ?